ಆಯೋಗ ಇದ್ದರೂ ದರ ಏರುತ್ತದೆ, ಹಾಗಾದರೆ ಆಯೋಗ ಯಾಕೆ?

ಪ್ರಶ್ನೆ: ವಿದ್ಯುತ್, ನೀರು, ರೈಲು ಇಂಥ ಸೇವೆಗಳಲ್ಲಿ ನಮಗೆ ಆಯ್ಕೆಯೇ ಇರುವುದಿಲ್ಲ. ಇರುವುದು ಒಂದೇ ಕಂಪನಿ. ಅದನ್ನು ಹಿಡಿತದಲ್ಲಿಡಲು ಸರ್ಕಾರ ನಿಯಂತ್ರಣ ಆಯೋಗ ಮಾಡುತ್ತದೆ. ಕಂಪನಿ ‘ಖರ್ಚು ಜಾಸ್ತಿಯಾಗಿದೆ’ ಅಂತ ಅರ್ಜಿ ಹಾಕುತ್ತದೆ, ಆಯೋಗ ವಿಚಾರಣೆ ಮಾಡುತ್ತದೆ, ಕೇಳಿದ್ದರಲ್ಲಿ ಸ್ವಲ್ಪ ಕಡಿತ ಮಾಡಿ ದರ ಏರಿಸಿಯೇ ಬಿಡುತ್ತದೆ. ಇದೆಲ್ಲ ನಾಟಕ ಅಲ್ವಾ? ಪೈಪೋಟಿಗೆ ಬಿಟ್ಟುಬಿಡಬಹುದಲ್ಲ? ಇಲ್ಲವೇ ಸರ್ಕಾರವೇ ನಡೆಸಬಹುದಲ್ಲ?

ಉತ್ತರ: ನಾಟಕದ ಅಂಶ ಇದೆ, ಇಲ್ಲ ಅನ್ನುವುದಿಲ್ಲ. ನೂರು ಬೇಕಾದ ಕಂಪನಿ ನೂರಿಪ್ಪತ್ತು ಕೇಳುತ್ತದೆ. ಇಪ್ಪತ್ತು ಕತ್ತರಿಸಿದ ಆಯೋಗ ಗ್ರಾಹಕರ ಪರ ನಿಂತಂತೆ ಕಾಣುತ್ತದೆ. ಕಂಪನಿಗೂ ಬೇಕಾದ್ದು ಸಿಕ್ಕಿರುತ್ತದೆ. ಆದರೆ ನೀವು ಸಿಟ್ಟು ಮಾಡಿಕೊಂಡಿರುವುದು ಆದೇಶದ ಕೊನೆಯ ಪುಟದ ಮೇಲೆ, ಅಂದರೆ ದರದ ಮೇಲೆ. ದರ ಅರ್ಜಿಗಳನ್ನು ಓದುವುದೇ ಕೆಲಸವಾಗಿರುವ ನನ್ನಂಥವರು ಕೊನೆಯ ಪುಟವನ್ನು ಕೊನೆಗೇ ನೋಡುತ್ತೇವೆ. ಕಂಪನಿ ತೋರಿಸಿದ ಖರ್ಚಿನಲ್ಲಿ ಯಾವುದನ್ನು ಗ್ರಾಹಕರಿಂದ ವಸೂಲಿ ಮಾಡಲು ಬಿಟ್ಟರು, ಯಾವುದನ್ನು ಒಪ್ಪಲಿಲ್ಲ ಅನ್ನುವುದೇ ಮುಖ್ಯ. ಅಷ್ಟು ತೀರ್ಮಾನವಾದ ಮೇಲೆ ದರ ಅನ್ನುವುದು ಬರೀ ಭಾಗಾಕಾರ. ಆಯೋಗ ಕೆಲಸ ಮಾಡುತ್ತಿದೆಯೋ ಸುಮ್ನೆ ಕೂತಿದೆಯೋ ಎಂದು ಗೊತ್ತಾಗುವುದು ಆ ಹಿಂದಿನ ಪುಟಗಳಲ್ಲಿ.

ಪೈಪೋಟಿಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು, ಒಂದೇ ಕಂಪನಿ ಯಾಕೆ? ರಸ್ತೆಯ ಕೆಳಗೆ ಈಗಾಗಲೇ ನೀರಿನ ಪೈಪು ಇದೆ ಅಂದುಕೊಳ್ಳಿ. ಎರಡನೇ ಕಂಪನಿ ಬರಬೇಕಾದರೆ ಇಡೀ ಊರನ್ನು ಅಗೆದು ಇನ್ನೊಂದು ಪೈಪು ಹಾಕಬೇಕು. ಎರಡೂ ಪೈಪಿನ ಖರ್ಚು ಅದೇ ಮನೆಗಳ ಮೇಲೆ ಬೀಳುತ್ತದೆ. ಹಾಗಾಗಿ ಒಂದೇ ಪೈಪು ಎಲ್ಲರಿಗೂ ಅಗ್ಗ. ಇದಕ್ಕೆ ಸಹಜ ಏಕಸ್ವಾಮ್ಯ ಅನ್ನುತ್ತಾರೆ. ವಿದ್ಯುತ್ ತಂತಿ, ರೈಲು ಹಳಿ ಎಲ್ಲಕ್ಕೂ ಇದೇ ಲೆಕ್ಕ. ಒಂದು ಮಾತು ಇಲ್ಲೇ ಗಮನಿಸಿ: ಏಕಸ್ವಾಮ್ಯ ಇರುವುದು ತಂತಿಯಲ್ಲಿ, ತಂತಿಯಲ್ಲಿ ಹರಿಯುವ ವಿದ್ಯುತ್ತಿನಲ್ಲಿ ಅಲ್ಲ.

‘ನನ್ನ ಆಸ್ತಿ, ನನ್ನ ದರ’ ಎಂಬ ವಾದ ಕೋರ್ಟಿನಲ್ಲಿ ಬಿದ್ದುಹೋಗಿ ಬಹಳ ಕಾಲವಾಯಿತು. ಅಮೆರಿಕದ ಪಶ್ಚಿಮದ ರೈತರು ಬೆಳೆದ ಧಾನ್ಯ ಪೂರ್ವಕ್ಕೆ ಹೋಗಬೇಕಾದರೆ ಶಿಕಾಗೊದ ಗೋದಾಮುಗಳನ್ನು ದಾಟಿಯೇ ಹೋಗಬೇಕಿತ್ತು. ಗೋದಾಮುಗಳು ಹದಿನಾಲ್ಕು, ನಡೆಸುತ್ತಿದ್ದ ಸಂಸ್ಥೆಗಳು ಒಂಬತ್ತು. ಪ್ರತಿವರ್ಷ ಅವರು ತಮ್ಮಲ್ಲೇ ಮಾತಾಡಿಕೊಂಡು ಬಾಡಿಗೆ ನಿಗದಿ ಮಾಡುತ್ತಿದ್ದರು. 1871ರಲ್ಲಿ ಇಲಿನಾಯ್ ರಾಜ್ಯ ಅದಕ್ಕೆ ಗರಿಷ್ಠ ಮಿತಿ ಹಾಕಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1877ರಲ್ಲಿ ಮುಖ್ಯ ನ್ಯಾಯಮೂರ್ತಿ ಮಾರಿಸನ್ ವೇಟ್ ಬರೆದ ತೀರ್ಪು ರಾಜ್ಯದ ಪರ ಬಂತು. ಆಸ್ತಿ ಖಾಸಗಿಯದೇ ಇರಲಿ, ಜನ ಅದನ್ನು ಬಳಸದೆ ಬೇರೆ ದಾರಿ ಇಲ್ಲದಂತೆ ವ್ಯವಹಾರ ಮಾಡಿದರೆ ಜನರ ಹಿತಕ್ಕಾಗಿ ಅದರ ಮೇಲೆ ನಿಯಂತ್ರಣ ಬರಬಹುದು ಎಂಬುದು ಅದರ ಸಾರ. ವೇಟ್ ಈ ತತ್ವವನ್ನು ಎರಡು ಶತಮಾನ ಹಿಂದಿನ ಇಂಗ್ಲಿಷ್ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಅವರ ಬರಹದಿಂದ ತೆಗೆದುಕೊಂಡಿದ್ದರು.

ಇದಕ್ಕಿಂತ ಮಜವಾದ ಕಥೆ ವಿದ್ಯುತ್ತಿನದು. ಆಯೋಗ ಬೇಕು ಎಂದು ಕೇಳಿದವರಲ್ಲಿ ಕಂಪನಿಯವರೇ ಮುಂದೆ ಇದ್ದರು. ಎಡಿಸನ್ ಅವರ ಕಾರ್ಯದರ್ಶಿಯಾಗಿದ್ದು ಮುಂದೆ ಶಿಕಾಗೊದ ವಿದ್ಯುತ್ ಉದ್ಯಮ ಕಟ್ಟಿದ ಸ್ಯಾಮ್ಯುಯೆಲ್ ಇನ್ಸುಲ್ 1898ರಲ್ಲಿ ತನ್ನ ಉದ್ಯಮದವರ ಸಭೆಯಲ್ಲೇ ಎದ್ದು ನಿಂತು, ರಾಜ್ಯವೇ ನಮ್ಮ ದರ ನಿಗದಿ ಮಾಡಲಿ ಅಂದರು. ಯಾಕೆ? ಆಗ ನಗರಸಭೆಗಳು ಬಂದವರಿಗೆಲ್ಲ ಪರವಾನಗಿ ಕೊಡುತ್ತಿದ್ದವು. ಒಂದೇ ಬೀದಿಯಲ್ಲಿ ಎರಡು ಮೂರು ಕಂಪನಿಯ ತಂತಿ. ರಾಜಕಾರಣಿಗಳ ಕಾಟ ಬೇರೆ. ಆಯೋಗ ಬಂದರೆ ಪ್ರದೇಶ ತಮ್ಮೊಬ್ಬರಿಗೇ ಉಳಿಯುತ್ತದೆ, ಲಾಭ ಮಿತವಾದರೂ ಖಾತರಿ ಇರುತ್ತದೆ, ಖಾತರಿ ಇದ್ದರೆ ಸಾಲ ಕಡಿಮೆ ಬಡ್ಡಿಗೆ ಸಿಗುತ್ತದೆ. 1907ರಲ್ಲಿ ವಿಸ್ಕಾನ್ಸಿನ್, ನ್ಯೂಯಾರ್ಕ್ ರಾಜ್ಯಗಳು ಇಂಥ ಆಯೋಗಗಳನ್ನು ಮಾಡಿದವು. ಉಳಿದ ರಾಜ್ಯಗಳು ಹಿಂದೆಯೇ ಬಂದವು.

ಹಾಗಾಗಿ ಆಯೋಗ ಗ್ರಾಹಕರ ಕಾವಲಿಗೆ ಮಾತ್ರ ಹುಟ್ಟಿದ್ದಲ್ಲ. ಅದು ಹುಟ್ಟಿದ್ದೇ ಒಂದು ಒಪ್ಪಂದದಿಂದ. ಕಂಪನಿ ಯಾರಿಗೂ ಇಲ್ಲ ಅನ್ನದೆ ಎಲ್ಲರಿಗೂ ಸೇವೆ ಕೊಡಬೇಕು. ಬದಲಿಗೆ ನ್ಯಾಯವಾದ ಖರ್ಚು ಮತ್ತು ಮಿತವಾದ ಲಾಭ ಅದಕ್ಕೆ ಸಿಗಬೇಕು. ಖರ್ಚು ನಿಜಕ್ಕೂ ಏರಿದ್ದರೆ ದರ ಏರಿಸುವುದೂ ಆ ಒಪ್ಪಂದದ ಭಾಗವೇ. ದರ ಏರಿತು ಅಂದಮಾತ್ರಕ್ಕೆ ಆಯೋಗ ಸೋತಿತು ಅನ್ನಲಾಗದು. ಈ ‘ನ್ಯಾಯವಾದ ಖರ್ಚು’ ಎಷ್ಟು ಅನ್ನುವುದರಲ್ಲಿ ಎಲ್ಲ ಆಟ ಇದೆ.

ಒಂದು ಅರ್ಜಿಯನ್ನು ಬಿಚ್ಚಿ ನೋಡೋಣ. ಅಂಕಿಗಳು ಸುಮ್ನೆ ಲೆಕ್ಕಕ್ಕೆ. ಕಂಪನಿ ತಂತಿ, ಕಂಬ, ಉಪಕೇಂದ್ರಗಳಿಗೆ ಹಾಕಿದ ಬಂಡವಾಳ 1000 ಕೋಟಿ. ಅದಕ್ಕೆ ಆಯೋಗ ಒಪ್ಪಿದ ಪ್ರತಿಫಲ ಶೇ. 10, ಅಂದರೆ 100 ಕೋಟಿ. ಆಸ್ತಿ 25 ವರ್ಷ ಬಾಳುತ್ತದೆ ಅಂತ ಇಟ್ಟುಕೊಂಡರೆ ವರ್ಷಕ್ಕೆ ಸವಕಳಿ 40 ಕೋಟಿ. ಸಂಬಳ, ರಿಪೇರಿ, ಖರೀದಿ ಎಲ್ಲ ಸೇರಿ 360 ಕೋಟಿ. ಒಟ್ಟು 500 ಕೋಟಿ. ಈ ವರ್ಷ 100 ಕೋಟಿ ಯೂನಿಟ್ ಮಾರುತ್ತೇವೆ ಅನ್ನುತ್ತಾರೆ. ಭಾಗಿಸಿದರೆ ಯೂನಿಟ್‌ಗೆ 5 ರೂಪಾಯಿ.

ಈಗ ಕಂಪನಿ 200 ಕೋಟಿ ಹಾಕಿ ಬೇಕಿಲ್ಲದ ಕಡೆ ಒಂದು ಉಪಕೇಂದ್ರ ಕಟ್ಟುತ್ತದೆ. ಪ್ರತಿಫಲ 20 ಕೋಟಿ, ಸವಕಳಿ 8 ಕೋಟಿ, ಒಟ್ಟು 28 ಕೋಟಿ ದರಕ್ಕೆ ಸೇರುತ್ತದೆ. ಯೂನಿಟ್‌ಗೆ 28 ಪೈಸೆ. ಯಾರೂ ಬೀದಿಗಿಳಿಯುವುದಿಲ್ಲ. ಕಂಪನಿ ಶೇ. 7ಕ್ಕೆ ಸಾಲ ತಂದು ಶೇ. 10 ಪ್ರತಿಫಲ ಪಡೆಯುತ್ತಿದ್ದರೆ, ಹಾಕಿದ ಪ್ರತಿ ನೂರಕ್ಕೆ ಮೂರು ಉಳಿಯಿತು. ಹಾಗಿದ್ದರೆ ಕಟ್ಟುತ್ತಲೇ ಇರುವುದು ಲಾಭ. 1962ರಲ್ಲಿ ಹಾರ್ವೆ ಅವರ್ಚ್ ಮತ್ತು ಲೆಲ್ಯಾಂಡ್ ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಗಣಿತದಲ್ಲಿ ತೋರಿಸಿದರು. ಇದರಲ್ಲಿ ಕಳ್ಳತನ ಇಲ್ಲ. ನಿಯಮ ಯಾವುದಕ್ಕೆ ದುಡ್ಡು ಕೊಡುತ್ತದೋ ಕಂಪನಿ ಅದನ್ನೇ ಜಾಸ್ತಿ ಮಾಡುತ್ತದೆ, ಅಷ್ಟೇ. ಒಳ್ಳೆಯ ಆಯೋಗ ಇಲ್ಲಿ ಕೇಳುವ ಪ್ರಶ್ನೆ ಸರಳ: ಆ ಉಪಕೇಂದ್ರದ ಮೇಲೆ ಈಗ ಎಷ್ಟು ಹೊರೆ ಇದೆ? ಸಾಮರ್ಥ್ಯದ ಕಾಲು ಭಾಗವೂ ಬಳಕೆಯಲ್ಲಿಲ್ಲ ಎಂದಾದರೆ ಆ 200 ಕೋಟಿ ಸದ್ಯಕ್ಕೆ ಲೆಕ್ಕದಿಂದ ಹೊರಗೆ.

ಭಾಗಾಕಾರದ ಕೆಳಗಿನ ಅಂಕಿಯನ್ನು ಯಾರೂ ನೋಡುವುದಿಲ್ಲ. ನನಗೆ ಅದೇ ಮೊದಲು ಕಣ್ಣಿಗೆ ಬೀಳುತ್ತದೆ. 100 ಕೋಟಿ ಯೂನಿಟ್ ಮಾರಾಟವಾಗುತ್ತದೆ ಎಂದು ಒಳಗೆ ಗೊತ್ತಿದ್ದರೂ ಅರ್ಜಿಯಲ್ಲಿ 95 ಅಂತ ಬರೆದರೆ? ದರ 5.26 ಆಗುತ್ತದೆ. ನಿಜಕ್ಕೂ 100 ಮಾರಿದಾಗ ಕೈಗೆ ಬರುವುದು 526 ಕೋಟಿ. ಒಂದು ಕಂಬ ನೆಡದೆ, ಒಂದು ಬಲ್ಬು ಬದಲಿಸದೆ 26 ಕೋಟಿ. ಇದಕ್ಕಾಗಿಯೇ ಹಿಂದಿನ ವರ್ಷದ ಅಂದಾಜನ್ನು ನಿಜವಾದ ಲೆಕ್ಕದ ಜೊತೆ ತಾಳೆ ನೋಡಿ, ಹೆಚ್ಚು ವಸೂಲಿ ಮಾಡಿದ್ದನ್ನು ಮುಂದಿನ ವರ್ಷದ ದರದಲ್ಲಿ ಕಳೆಯುವ ಪದ್ಧತಿ ಬಂತು. ಈ ತಾಳೆ ಎರಡು ಮೂರು ವರ್ಷ ತಡವಾದರೆ ಆ ದುಡ್ಡಿನ ಬಡ್ಡಿಯೇ ಒಂದು ಲಾಭ.

ಇನ್ನೊಂದು ದಾರಿ ಸೋದರ ಕಂಪನಿಯದು. ದರ ನಿಯಂತ್ರಣ ಇರುವುದು ಒಂದು ಕಂಪನಿಗೆ. ಅದೇ ಮಾಲೀಕರ ಇನ್ನೊಂದು ಕಂಪನಿಗೆ ಯಾವ ಮಿತಿಯೂ ಇಲ್ಲ. ಮೊದಲನೆಯದು ಎರಡನೆಯದರಿಂದ ದುಬಾರಿ ಬೆಲೆಗೆ ಸಾಮಾನು ಕೊಂಡರೆ ಲಾಭ ಅಲ್ಲಿ ಹೋಗಿ ಕೂರುತ್ತದೆ, ಖರ್ಚು ಇಲ್ಲಿ ಗ್ರಾಹಕರ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ದೂರವಾಣಿ ಜಾಲ ಎಟಿ ಅಂಡ್ ಟಿ ಕೈಯಲ್ಲಿದ್ದಾಗ ಅದರ ಸ್ಥಳೀಯ ಕಂಪನಿಗಳು ಉಪಕರಣಗಳನ್ನು ಅದರದೇ ವೆಸ್ಟರ್ನ್ ಎಲೆಕ್ಟ್ರಿಕ್‌ನಿಂದ ತರಿಸುತ್ತಿದ್ದವು. ಆ ಬೆಲೆ ಸರಿಯೇ ಎಂದು ಹೋಲಿಸಿ ನೋಡಲು ರಾಜ್ಯಗಳ ಆಯೋಗಗಳಿಗೆ ಬೇರೆ ಮಾರುಕಟ್ಟೆಯೇ ಸರಿಯಾಗಿ ಇರಲಿಲ್ಲ. ಹೊರಗಿನವರ ಉಪಕರಣ ಜೋಡಿಸಲು ಕಂಪನಿ ಬಿಡುತ್ತಲೂ ಇರಲಿಲ್ಲ. ಮಾತು ಪಕ್ಕದವರಿಗೆ ಕೇಳಿಸದಿರಲಿ ಅಂತ ರಿಸೀವರಿನ ಬಾಯಿಗೆ ಸಿಕ್ಕಿಸುವ ಒಂದು ಪುಟ್ಟ ಮುಚ್ಚಳದಂಥ ವಸ್ತು ಇತ್ತು, ಹಷ್-ಎ-ಫೋನ್ ಅಂತ. ಅದನ್ನೂ ಬೇಡ ಅಂದಿತ್ತು. ನಿಯಂತ್ರಕರೂ ಕಂಪನಿಯ ಪರವೇ ನಿಂತಿದ್ದರು. 1956ರಲ್ಲಿ ಕೋರ್ಟು ಹೇಳಿದ ಮೇಲೆ ಆ ನಿಷೇಧ ಹೋಯಿತು.

ಖರ್ಚು ತೋರಿಸಿದಷ್ಟೂ ಕೊಡುವ ಈ ಪದ್ಧತಿಗೆ ಬದಲಿ ಬೇಕು ಅಂತ ಬ್ರಿಟನ್ನಿನಲ್ಲಿ ಅರ್ಥಶಾಸ್ತ್ರಜ್ಞ ಸ್ಟೀಫನ್ ಲಿಟಲ್‌ಚೈಲ್ಡ್ 1983ರಲ್ಲಿ ಒಂದು ವರದಿ ಕೊಟ್ಟರು. ಖರ್ಚನ್ನು ಪ್ರತಿವರ್ಷ ಕೆದಕುವುದು ಬೇಡ. ದರ ಎಷ್ಟು ಏರಬಹುದು ಎಂದು ಕೆಲವು ವರ್ಷಗಳಿಗೆ ಮೊದಲೇ ಹೇಳಿಬಿಡಿ: ಹಣದುಬ್ಬರದಷ್ಟು ಏರಿಸಲಿ, ಅದರಲ್ಲಿ ಇಂತಿಷ್ಟು ಕಳೆದು. 1984ರಲ್ಲಿ ಬ್ರಿಟಿಷ್ ಟೆಲಿಕಾಂ ಖಾಸಗಿಯಾದಾಗ ಆ ಕಳೆಯುವ ಅಂಕಿ 3 ಆಗಿತ್ತು. ಹಣದುಬ್ಬರ ಶೇ. 5 ಇದ್ದರೆ ದರ ಶೇ. 2 ಮಾತ್ರ ಏರಬಹುದು. ಅದಕ್ಕಿಂತ ಅಗ್ಗವಾಗಿ ಕೆಲಸ ಮಾಡಿದರೆ ಉಳಿದದ್ದೆಲ್ಲ ಕಂಪನಿಗೆ. ಬುದ್ಧಿವಂತ ಉಪಾಯ. ಕಂಪನಿಗಳು ನಿಜಕ್ಕೂ ಖರ್ಚು ಕಡಿಮೆ ಮಾಡಿದವು, ಎಷ್ಟರ ಮಟ್ಟಿಗೆ ಅಂದರೆ ಖಾಸಗಿಯಾದ ಸೇವಾ ಕಂಪನಿಗಳ ಲಾಭ ನೋಡಿ ಜನ ಸಿಟ್ಟಾದರು. 1997ರಲ್ಲಿ ಹೊಸ ಲೇಬರ್ ಸರ್ಕಾರ ಆ ಕಂಪನಿಗಳ ಮೇಲೆ ಒಂದು ಸಲದ ವಿಶೇಷ ತೆರಿಗೆ ಹಾಕಿತು.

ಆದರೆ ಉಳಿತಾಯ ಎರಡು ಥರ. ಒಂದು, ಅದೇ ಕೆಲಸವನ್ನು ಜಾಣತನದಿಂದ ಮಾಡುವುದು. ಇನ್ನೊಂದು, ಕೆಲಸವನ್ನೇ ಮುಂದೂಡುವುದು. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬ್ರಿಟನ್ನಿನ ರೈಲು ಹಳಿಗಳನ್ನು ನೋಡಿಕೊಳ್ಳುತ್ತಿದ್ದ ರೈಲ್‌ಟ್ರ್ಯಾಕ್ ಕಂಪನಿಗೆ ಒಂದು ಕಡೆ ಹಳಿ ಸೂಕ್ಷ್ಮವಾಗಿ ಬಿರುಕು ಬಿಟ್ಟಿದೆ ಎಂದು ಮೊದಲೇ ಗೊತ್ತಿತ್ತು. ಬದಲಿಸುವ ಹಳಿಯನ್ನೂ ತರಿಸಿದ್ದರು. ಬದಲಿಸಿರಲಿಲ್ಲ. 2000ದ ಅಕ್ಟೋಬರ್ 17ರಂದು ಹ್ಯಾಟ್‌ಫೀಲ್ಡ್ ಬಳಿ ಆ ಹಳಿ ಒಡೆದು ರೈಲು ಹಳಿ ತಪ್ಪಿತು. ನಾಲ್ವರು ಸತ್ತರು. ಆಮೇಲೆ ಗೊತ್ತಾದದ್ದು ಇನ್ನೂ ಗಾಬರಿಯ ಸಂಗತಿ: ಇಂಥ ಬಿರುಕು ಇನ್ನೆಲ್ಲೆಲ್ಲಿ ಇದೆ ಅನ್ನುವ ಸರಿಯಾದ ದಾಖಲೆ ಕಂಪನಿಯ ಹತ್ತಿರವೇ ಇರಲಿಲ್ಲ. ಭಯಕ್ಕೆ ಬಿದ್ದು ದೇಶದ ನೂರಾರು ಕಡೆ ರೈಲಿನ ವೇಗ ಇಳಿಸಿದರು. ತಿಂಗಳುಗಟ್ಟಲೆ ಸಂಚಾರ ಅಸ್ತವ್ಯಸ್ತವಾಯಿತು. ಒಂದು ವರ್ಷದೊಳಗೆ ಕಂಪನಿ ಮುಳುಗಿತು. 2002ರಲ್ಲಿ ನೆಟ್‌ವರ್ಕ್ ರೈಲ್ ಎಂಬ ಬೇರೆ ಸಂಸ್ಥೆ ಆ ಜಾಗಕ್ಕೆ ಬಂತು.

ದರಕ್ಕೆ ಮಿತಿ ಹಾಕುವಾಗ ಗುಣಮಟ್ಟಕ್ಕೂ ಅಳತೆ ಬೇಕು ಅಂತ ನಾವು ಗಂಟಲು ಹರಿದುಕೊಳ್ಳುವುದು ಇದಕ್ಕೇ. ವರ್ಷಕ್ಕೆ ಎಷ್ಟು ಗಂಟೆ ಕರೆಂಟ್ ಹೋಯಿತು, ನಲ್ಲಿಯಲ್ಲಿ ನೀರಿನ ಒತ್ತಡ ಎಷ್ಟಿತ್ತು, ಎಷ್ಟು ಪೈಪು ಹೊಸದಾಗಿ ಹಾಕಿದರು. ಅಳತೆ ತಪ್ಪಿದರೆ ದಂಡ. ಆ ದಂಡ ಮುಂದಿನ ದರದಲ್ಲಿ ಗ್ರಾಹಕರ ಮೇಲೆಯೇ ಬೀಳದಂತೆ ನೋಡಿಕೊಳ್ಳಬೇಕು. ತಮಾಷೆ ಅನ್ನಿಸಬಹುದು, ಆದರೆ ಬಿಗಿಯಾಗಿ ತಡೆಯದಿದ್ದರೆ ‘ಇತರೆ ವೆಚ್ಚ’ ಅಂತ ಒಳಗೆ ಬಂದು ಕೂರುತ್ತದೆ.

ಎಲ್ಲದರ ಬುಡದಲ್ಲಿ ಇರುವುದು ಒಂದೇ ತೊಡಕು. ತನ್ನ ನಿಜವಾದ ಖರ್ಚು ಕಂಪನಿಗೆ ಗೊತ್ತು, ಆಯೋಗಕ್ಕೆ ಗೊತ್ತಿಲ್ಲ. ಫ್ರಾನ್ಸಿನ ಅರ್ಥಶಾಸ್ತ್ರಜ್ಞರಾದ ಜಾನ್ ತಿರೋಲ್ ಮತ್ತು ಜಾನ್-ಜಾಕ್ ಲಫಾಂ ಇದನ್ನೇ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದರು. ತಿರೋಲ್ ಅವರಿಗೆ 2014ರಲ್ಲಿ ನೊಬೆಲ್ ಬಂತು. ಲಫಾಂ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಉಪಾಯ ಹೀಗೆ: ಕಂಪನಿಯ ಮುಂದೆ ಒಂದರ ಬದಲು ಎರಡು ಕರಾರು ಇಡಿ. ಮೊದಲನೆಯದರಲ್ಲಿ ದರ ಕಡಿಮೆ, ಆದರೆ ಉಳಿಸಿದ್ದೆಲ್ಲ ನಿನ್ನದು. ಎರಡನೆಯದರಲ್ಲಿ ಖರ್ಚಿನ ಬಹುಪಾಲು ಕೊಡುತ್ತೇವೆ, ಆದರೆ ಉಳಿತಾಯದಲ್ಲಿ ನಿನಗೆ ಪಾಲು ಇಲ್ಲದಷ್ಟು ಕಡಿಮೆ. ತಾನು ಅಗ್ಗವಾಗಿ ಮಾಡಬಲ್ಲೆ ಎಂದು ಗೊತ್ತಿರುವ ಕಂಪನಿ ಮೊದಲನೆಯದನ್ನು ಹಿಡಿಯುತ್ತದೆ. ಬಾಯಿಬಿಟ್ಟು ಹೇಳದ ಸತ್ಯ ಅದರ ಆಯ್ಕೆಯಲ್ಲೇ ಹೊರಬೀಳುತ್ತದೆ.

ಪೈಪೋಟಿಗೆ ಬಿಡಬಹುದಲ್ಲ ಅಂದಿರಿ. ಸಹಜ ಏಕಸ್ವಾಮ್ಯ ಇಲ್ಲದ ಕಡೆ ಖಂಡಿತ ಬಿಡಬೇಕು. ಅಲ್ಲಿ ಆಯೋಗ ಇದ್ದರೆ ಕೆಡುಕೇ ಜಾಸ್ತಿ. ಅಮೆರಿಕದಲ್ಲಿ 1938ರಿಂದ ವಿಮಾನಯಾನಕ್ಕೊಂದು ಮಂಡಳಿ ಇತ್ತು. ಯಾರು ಯಾವ ಮಾರ್ಗದಲ್ಲಿ ಹಾರಬೇಕು, ಟಿಕೆಟ್ ಎಷ್ಟು ಎಂದು ಅದೇ ಹೇಳುತ್ತಿತ್ತು. 1950ರಿಂದ 1974ರ ನಡುವೆ ಹೊಸ ಕಂಪನಿಗಳಿಂದ 79 ಅರ್ಜಿ ಬಂದವು. ಒಂದಕ್ಕೂ ಒಪ್ಪಿಗೆ ಸಿಗಲಿಲ್ಲ. ಆಕಾಶದಲ್ಲಿ ಪೈಪು ಹೂಳಬೇಕಿಲ್ಲ, ಆದರೂ ಬಾಗಿಲು ಬಂದ್. ಒಂದೇ ರಾಜ್ಯದೊಳಗೆ ಹಾರುವ ಕಂಪನಿಗಳು ಈ ಮಂಡಳಿಯ ಕೈಗೆ ಸಿಗುತ್ತಿರಲಿಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ಅವರ ಟಿಕೆಟ್ ಎಷ್ಟೋ ಅಗ್ಗ ಇತ್ತು. ಕೊನೆಗೆ ಆ ಮಂಡಳಿಯ ಅಧ್ಯಕ್ಷರಾಗಿ ಬಂದ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಕಾನ್ ತಮ್ಮ ಮಂಡಳಿಯನ್ನೇ ಮುಚ್ಚುವ ಪರ ನಿಂತರು. 1978ರಲ್ಲಿ ಕಾನೂನು ಬಂತು, 1985ರ ಹೊತ್ತಿಗೆ ಮಂಡಳಿ ಇಲ್ಲವಾಯಿತು. ಸುರಕ್ಷತೆಯ ನಿಯಮಗಳು ಮಾತ್ರ ಬೇರೆ ಸಂಸ್ಥೆಯ ಕೈಯಲ್ಲಿ ಹಾಗೇ ಉಳಿದವು. ಸರಿಯಾಗಿಯೇ ಉಳಿದವು.

ಅರ್ಧಂಬರ್ಧ ಪೈಪೋಟಿ ಇದೆಲ್ಲಕ್ಕಿಂತ ಅಪಾಯ. ಮೊದಲೇ ಹೇಳಿದೆನಲ್ಲ, ತಂತಿ ಬೇರೆ, ವಿದ್ಯುತ್ ಬೇರೆ. ಕ್ಯಾಲಿಫೋರ್ನಿಯಾ 1998ರಲ್ಲಿ ವಿದ್ಯುತ್ತಿನ ಸಗಟು ಮಾರುಕಟ್ಟೆಯನ್ನು ತೆರೆಯಿತು. ಸಗಟು ಬೆಲೆ ಎಷ್ಟಾದರೂ ಏರಬಹುದು, ಮನೆಗಳಿಗೆ ಕೊಡುವ ದರ ಮಾತ್ರ ಕಟ್ಟಿಹಾಕಿದ್ದರು. 2000ದ ಬೇಸಿಗೆಯಲ್ಲಿ ಸಗಟು ಬೆಲೆ ಗಗನಕ್ಕೇರಿತು. ಮಾರುವವರು ಬೇಕಂತಲೇ ಉತ್ಪಾದನೆ ತಡೆಹಿಡಿದದ್ದು, ವಿದ್ಯುತ್ ವ್ಯಾಪಾರ ಮಾಡುತ್ತಿದ್ದ ಎನ್ರಾನ್‌ನಂಥ ಕಂಪನಿಗಳು ಮಾರುಕಟ್ಟೆಯಲ್ಲಿ ಕೈಚಳಕ ತೋರಿಸಿದ್ದು ಆಮೇಲೆ ಹೊರಬಂತು. ವಿತರಣಾ ಕಂಪನಿಗಳು ದುಬಾರಿಗೆ ಕೊಂಡು ಅಗ್ಗಕ್ಕೆ ಮಾರುತ್ತಾ ಹೋದವು. 2001ರ ಜನವರಿಯಲ್ಲಿ ಸರದಿ ಮೇಲೆ ಕರೆಂಟ್ ತೆಗೆದರು. ಏಪ್ರಿಲ್‌ನಲ್ಲಿ ಆ ವಿತರಣಾ ಕಂಪನಿಗಳಲ್ಲೊಂದಾದ ಪಿಜಿ ಅಂಡ್ ಇ ದಿವಾಳಿ ಅರ್ಜಿ ಹಾಕಿತು. ಪೈಪೋಟಿಯ ವಿರೋಧಿಗಳು ಇದನ್ನು ಪೈಪೋಟಿಯ ಸೋಲು ಅಂದರು, ನಿಯಂತ್ರಣದ ವಿರೋಧಿಗಳು ನಿಯಂತ್ರಣದ ಸೋಲು ಅಂದರು. ಒಂದು ತುದಿಗೆ ಒಂದು ನಿಯಮ, ಇನ್ನೊಂದು ತುದಿಗೆ ಇನ್ನೊಂದು ನಿಯಮ ಹಾಕಿ ನಡುವೆ ಕಂಪನಿಯನ್ನು ನಿಲ್ಲಿಸಿದರೆ ಯಾರು ನಡೆಸಿದರೂ ಹೀಗೇ ಆಗುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ.

ಸರ್ಕಾರವೇ ನಡೆಸಿದರೆ? ನಡೆಸಬಹುದು, ಚೆನ್ನಾಗಿ ನಡೆಸಿದ ಉದಾಹರಣೆಗಳೂ ಇವೆ. ಆದರೆ ಮಾಲೀಕರು ಬದಲಾದರೆ ಖರ್ಚಿನ ಪ್ರಶ್ನೆ ಮಾಯವಾಗುವುದಿಲ್ಲ. ಚುನಾವಣೆ ಹತ್ತಿರ ಬಂದಾಗ ದರ ಏರಿಸುವುದಿಲ್ಲ, ರಿಪೇರಿ ಮುಂದಕ್ಕೆ ಹೋಗುತ್ತದೆ, ನಷ್ಟ ಬೊಕ್ಕಸದ ಮೇಲೆ ಬೀಳುತ್ತದೆ. ಬಿಲ್ಲಿನಲ್ಲಿ ಕಾಣದ್ದನ್ನು ತೆರಿಗೆಯಲ್ಲಿ ಕಟ್ಟುತ್ತೀರಿ. ಸ್ಕಾಟ್ಲೆಂಡಿನಲ್ಲಿ 2002ರಲ್ಲಿ ರಚನೆಯಾದ ನೀರಿನ ಸಂಸ್ಥೆ ಸರ್ಕಾರದ್ದೇ. ಆದರೂ ಅದರ ದರ ಪರಿಶೀಲಿಸಲು ಬೇರೆಯದೇ ಆಯೋಗ ಇದೆ. ಪಕ್ಕದ ಇಂಗ್ಲೆಂಡಿನಲ್ಲಿ 1989ರಲ್ಲಿ ನೀರಿನ ಕಂಪನಿಗಳನ್ನು ಹಳೆಯ ಸಾಲವನ್ನೆಲ್ಲ ತೀರಿಸಿ ಖಾಸಗಿಗೆ ಮಾರಿದರು. ಇಂದು ಅವುಗಳ ಸಾಲ ಒಟ್ಟು 6000 ಕೋಟಿ ಪೌಂಡ್‌ಗಿಂತ ಜಾಸ್ತಿ. ಮಾಲೀಕರು ಲಾಭಾಂಶ ತೆಗೆದುಕೊಳ್ಳುತ್ತಲೇ ಇದ್ದರು. ನಿಯಂತ್ರಕರು ದರದ ಮೇಲೆ ಇಟ್ಟಷ್ಟು ಕಣ್ಣನ್ನು ಸಾಲದ ಮೇಲೆ ಇಡಲಿಲ್ಲ.

ನಿಮ್ಮ ‘ನಾಟಕ’ದ ಅನುಮಾನಕ್ಕೆ ಶಾಸ್ತ್ರದಲ್ಲೂ ಜಾಗ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1971ರಲ್ಲೇ ಬರೆದರು: ನಿಯಂತ್ರಣವನ್ನು ಉದ್ಯಮಗಳೇ ತಮಗೆ ಬೇಕಾದಂತೆ ಪಡೆದುಕೊಳ್ಳುತ್ತವೆ. ಕಾರಣ ಸರಳ. ಆ 28 ಪೈಸೆಗಾಗಿ ನೀವು ಒಂದು ದಿನದ ಕೆಲಸ ಬಿಟ್ಟು ವಿಚಾರಣೆಗೆ ಬರುವುದಿಲ್ಲ. 28 ಕೋಟಿಗಾಗಿ ಕಂಪನಿ ವಕೀಲರ ದಂಡನ್ನೇ ಕಳಿಸುತ್ತದೆ. ಲಂಚ ಬೇಕಾಗಿಯೇ ಇಲ್ಲ. ದಿನಾ ಒಂದೇ ಕಡೆಯವರ ವಾದ ಕೇಳಿದರೆ ಕಿವಿ ಅದಕ್ಕೇ ಹೊಂದಿಕೊಳ್ಳುತ್ತದೆ. ನಿವೃತ್ತಿಯಾದ ಮೇಲೆ ಅದೇ ಉದ್ಯಮದಲ್ಲಿ ಹುದ್ದೆ ಕಾಯುತ್ತಿದ್ದರಂತೂ ಮುಗಿಯಿತು. ಇಂತಿಷ್ಟು ವರ್ಷ ಅಲ್ಲಿಗೆ ಸೇರುವಂತಿಲ್ಲ ಎಂಬ ನಿಯಮ ಇಲ್ಲದ ಆಯೋಗವನ್ನು ನಾನು ಸ್ವತಂತ್ರ ಅನ್ನುವುದಿಲ್ಲ.

ಹಾಗಂತ ವಿಚಾರಣೆಗೆ ಹೋಗುವುದು ದಂಡ ಅಂದುಕೊಳ್ಳಬೇಡಿ. ‘ದರ ಜಾಸ್ತಿಯಾಯಿತು, ಬಡವರಿಗೆ ಕಷ್ಟ’ ಎಂಬ ಆಕ್ಷೇಪಣೆ ದಾಖಲಾಗುತ್ತದೆ, ಅಷ್ಟೇ. ಬಡವರಿಗೆ ಕಡಿಮೆ ದರದಲ್ಲಿ ಕೊಡುವುದು ಸರ್ಕಾರದ ತೀರ್ಮಾನ. ಅದನ್ನು ಸಬ್ಸಿಡಿ ಅಂತ ಬಜೆಟ್‌ನಲ್ಲಿ ತೋರಿಸಿ ಕಂಪನಿಗೆ ಸಮಯಕ್ಕೆ ಕಟ್ಟಲಿ ಎಂದು ಕೇಳಿ, ಅದು ಗಟ್ಟಿ ಬೇಡಿಕೆ. ಆಯೋಗದ ಮುಂದೆ ಅಂಕಿ ಹಿಡಿದು ಕೇಳಿ. ಕಳೆದ ಸಲ ಒಪ್ಪಿದ ಕಾಮಗಾರಿಗಳಲ್ಲಿ ಎಷ್ಟು ಮುಗಿದಿವೆ? ಮುಗಿಯದ್ದಕ್ಕೆ ಪಡೆದ ಪ್ರತಿಫಲವನ್ನು ವಾಪಸ್ ಕೊಟ್ಟಿದ್ದಾರಾ? ಹಿಂದಿನ ಮೂರು ವರ್ಷ ಮಾರಾಟದ ಅಂದಾಜು ಎಷ್ಟಿತ್ತು, ನಿಜಕ್ಕೂ ಎಷ್ಟಾಯಿತು? ಮೂರೂ ವರ್ಷ ಅಂದಾಜು ಕಡಿಮೆಯೇ ಇದ್ದರೆ ಅದು ಆಕಸ್ಮಿಕ ಅಲ್ಲ. ಸೋದರ ಕಂಪನಿಯಿಂದ ಕೊಂಡಿದ್ದಕ್ಕೆ ಟೆಂಡರ್ ಕರೆದಿದ್ದರಾ?

ಈ ಪ್ರಶ್ನೆಗಳನ್ನು ಬಾಯಲ್ಲಿ ಹೇಳಿ ಬರಬೇಡಿ, ಅರ್ಜಿಯ ಪುಟ ಸಂಖ್ಯೆ ಹಾಕಿ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಬರವಣಿಗೆಯಲ್ಲಿ ಬಂದ ಆಕ್ಷೇಪಣೆಗೆ ಆದೇಶದಲ್ಲಿ ಕಾರಣ ಕೊಟ್ಟು ಉತ್ತರಿಸದೆ ಬಿಟ್ಟರೆ, ಮೇಲ್ಮನವಿಯಲ್ಲಿ ಮೊದಲು ಎತ್ತಿ ತೋರಿಸುವುದು ಅದನ್ನೇ. ಆದೇಶದ ಆ ಭಾಗ ಮರುಪರಿಶೀಲನೆಗೆ ಆಯೋಗಕ್ಕೇ ವಾಪಸ್ ಬರುವುದುಂಟು.